ಬೆನ್ನ ಹಿಂದೆ ನೋಡಿ ಓಡಿ: ಬೇಸ್‌ಬಾಲ್‌ನ ಫೋರ್ಸ್ ಔಟ್ ಮತ್ತು ಬೇಸ್ ಓಟದ ನಿಯಮಗಳ ಸಮಗ್ರ ಮಾರ್ಗದರ್ಶಿ

ಕಳೆದ ವಾರವೂ ಅದೇ ಆಯಿತು. ಕಾರವಾರದ ಟಾಗೋರ್ ಕಡಲತೀರದಲ್ಲಿ, ಇಳಿತದ ಹೊತ್ತಿನ ಗಟ್ಟಿ ಮರಳಿನ ಮೇಲೆ ಆಟ ನಡೆದಿತ್ತು. ಮೊದಲ ಬೇಸ್‌ನಲ್ಲಿ, ಅಂದರೆ ಓಡುವವನು ಸರದಿಯಾಗಿ ಮುಟ್ಟಬೇಕಾದ ಚೌಕದ ಮೂಲೆಗಳಲ್ಲಿ ಮೊದಲನೆಯದರಲ್ಲಿ, ಒಬ್ಬ ಹುಡುಗ ನಿಂತಿದ್ದ. ಬ್ಯಾಟರ್ ಚೆಂಡನ್ನು ನೆಲದ ಮೇಲೆ ಉರುಳಿಸಿ ಓಡತೊಡಗಿದ. ಬೇಸ್ ಮೇಲಿದ್ದವನು ಮಾತ್ರ ಒಂದು ಕಾಲನ್ನು ಅಲ್ಲಿಯೇ ಭದ್ರವಾಗಿ ಊರಿ, ಚೆಂಡು ಎಲ್ಲಿ ಹೋಯಿತೆಂದು ನೋಡುತ್ತ ನಿಂತ. ಎರಡನೇ ಬೇಸ್‌ನಲ್ಲಿದ್ದ ಹುಡುಗಿ ಚೆಂಡು ಹಿಡಿದು ಬೇಸ್ ತುಳಿದಳು. ಅವನು ಔಟ್. "ಸರ್, ನಾನು ಬೇಸ್ ಬಿಟ್ಟೇ ಇಲ್ಲ. ಅವಳು ನನ್ನನ್ನು ಮುಟ್ಟಿಯೂ ಇಲ್ಲ" ಎಂದು ಅವನ ತಕರಾರು. ಅವನು ಹೇಳಿದ ಎರಡೂ ಮಾತು ನಿಜ. ಔಟ್ ಆಗಿದ್ದೂ ನಿಜ.

ಕ್ರಿಕೆಟ್ ಆಡಿ ಬೆಳೆದವರೆಲ್ಲ ಎಡವುವ ಜಾಗ ಇದು. ಕ್ರಿಕೆಟ್‌ನಲ್ಲಿ ಓಡುವುದು ಬಿಡುವುದು ನಮ್ಮಿಷ್ಟ. ಬೇಸ್‌ಬಾಲ್‌ನಲ್ಲಿ ಕೆಲವೊಮ್ಮೆ ಓಡಲೇಬೇಕು. ಆ "ಕೆಲವೊಮ್ಮೆ" ಯಾವಾಗ ಎನ್ನುವುದಕ್ಕೇ ಈ ಬರಹ. ಸಾಫ್ಟ್‌ಬಾಲ್ ಆಡುವವರಿಗೂ ಫೋರ್ಸ್ ನಿಯಮ ಇದೇ. ಅಳತೆ ಬೇರೆ, ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಕೈಯಿಂದ ಚೆಂಡು ಬಿಡುವ ಮೊದಲು ರನ್ನರ್ ಬೇಸ್ ಬಿಡುವಂತಿಲ್ಲ ಎನ್ನುವುದು ಬೇರೆ, ಅಷ್ಟೇ.

ಹಂತಗಳನ್ನು ಇಲ್ಲಿರುವ ಕ್ರಮದಲ್ಲಿಯೇ ಕಲಿಯಿರಿ. ಮೂರನೆಯದು ಅರ್ಥವಾಗದೆ ಐದನೆಯದಕ್ಕೆ ಹೋದರೆ ತಲೆ ಕೆಡುತ್ತದೆ.

ಬೇಕಾಗುವ ಸಾಮಾನು

ನಿಯಮ ಕಲಿಯುವ ಮಟ್ಟಿಗೆ ಬ್ಯಾಟೂ ಬೇಡ, ಗ್ಲೌಸೂ ಬೇಡ. ಒಂದು ಟೆನಿಸ್ ಚೆಂಡು, ನಾಲ್ಕು ಬೇಸ್, ಅಳತೆ ಪಟ್ಟಿ, 55 ಮೀಟರಿನಷ್ಟು ಹಗ್ಗ ಮತ್ತು ಏಳೆಂಟು ಜನ ಸಾಕು.

ಬೇಸ್‌ಗೆ ನಮ್ಮ ಕಡೆ ಖರ್ಚೇ ಇಲ್ಲ. ಶಿರಸಿಯ ತೋಟಗಳಿಂದ ಬರುವ ಅಡಿಕೆ ಹಾಳೆಯನ್ನು ಚೌಕವಾಗಿ ಕತ್ತರಿಸಿ ಇಟ್ಟರೆ ದೂರದಿಂದಲೂ ಕಾಣುತ್ತದೆ. ಆದರೆ ಒಂದು ಎಚ್ಚರಿಕೆ: ಹಾಳೆ ಒದ್ದೆಯಾದರೆ ಅದರ ಒಳಮೈ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ನಾನು ಇದನ್ನು ಕಲಿತದ್ದು ಒಬ್ಬ ಹುಡುಗನ ಮೊಣಕೈ ತರಚಿದ ಮೇಲೆ. ಹಾಳೆ ನಡೆದು ಕಲಿಯುವ ಅಭ್ಯಾಸಕ್ಕೆ ಮಾತ್ರ. ಓಡುವ ದಿನ ಗೋಣಿಚೀಲಕ್ಕೆ ಅರ್ಧ ಮರಳು ತುಂಬಿ, ಬಾಯಿ ಹೊಲಿದು, ತಟ್ಟಿ ಚಪ್ಪಟೆ ಮಾಡಿ ಹಾಕಿ.

ಕಡಲತೀರದಲ್ಲಿ ಆಡುವುದಾದರೆ ಇಳಿತದ ವೇಳೆ ಮೊದಲೇ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿನ್ನೆ ಐದು ಗಂಟೆಗೆ ಸಿಕ್ಕ ಮೈದಾನ ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಸಿಗುವುದಿಲ್ಲ.

ಹಂತ 1: ಚೌಕ ಹಾಕಿ, ಮೊದಲು ನಡೆಯಿರಿ

ಬೇಸ್‌ನಿಂದ ಬೇಸ್‌ಗೆ 90 ಅಡಿ, ಅಂದರೆ 27.43 ಮೀಟರ್. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ನೇರ ಎದುರಿಗಿರುವ ಎರಡನೇ ಬೇಸ್‌ಗೆ 38.8 ಮೀಟರ್. ಹಗ್ಗದ 54.86 ಮೀಟರ್ ಅಳೆದು ಎರಡು ತುದಿಗೂ ಗಂಟು ಹಾಕಿ, ಸರಿಯಾಗಿ ನಡುವೆ ಇನ್ನೊಂದು ಗಂಟು ಹಾಕಿ. ಒಂದು ತುದಿ ಹೋಮ್‌ನಲ್ಲಿ, ಇನ್ನೊಂದು ತುದಿ ಎರಡನೇ ಬೇಸ್‌ನಲ್ಲಿ ಹಿಡಿಸಿ, ನಡುವಿನ ಗಂಟನ್ನು ಬಲಕ್ಕೆ ಬಿಗಿಯಾಗಿ ಎಳೆದರೆ ಮೊದಲ ಬೇಸ್ ಸಿಕ್ಕಿತು. ಅದನ್ನೇ ಎಡಕ್ಕೆ ಎಳೆದರೆ ಮೂರನೆಯದು. ತೆಂಗಿನ ನಾರಿನ ಹಗ್ಗವಾದರೆ ಒಣಗಿದ್ದಾಗಲೇ ಅಳೆಯಿರಿ; ನೆನೆದ ಹಗ್ಗದ ಅಳತೆ ನಂಬುವಂಥದ್ದಲ್ಲ. ಮಕ್ಕಳಿಗೆ ಸಾಫ್ಟ್‌ಬಾಲ್‌ನ 60 ಅಡಿ, ಅಂದರೆ 18.29 ಮೀಟರ್ ಧಾರಾಳವಾಯಿತು. ಆಗ ಹೋಮ್‌ನಿಂದ ಎರಡನೇ ಬೇಸ್‌ಗೆ 25.86 ಮೀಟರ್.

ಹೋಮ್, ಒಂದು, ಎರಡು, ಮೂರು, ಮತ್ತೆ ಹೋಮ್: ಇದೇ ಕ್ರಮದಲ್ಲಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಎಲ್ಲರೂ ಎರಡು ಸುತ್ತು ನಡೆಯಿರಿ. ಪ್ರತಿ ಬೇಸನ್ನೂ ಕಾಲಿನಿಂದ ಮುಟ್ಟಿ. ಹೀಗೆ ಸುತ್ತಿ ಬಂದು ಹೋಮ್ ಮುಟ್ಟಿದರೆ ಒಂದು ರನ್. ಬೇಸನ್ನು ಮುಟ್ಟದೆ ಬಳಸಿಕೊಂಡು ಹೋದರೆ ಎದುರಾಳಿಗಳು ಅಂಪೈರ್ ಬಳಿ ಆಕ್ಷೇಪ ಎತ್ತಿ ಔಟ್ ಪಡೆಯಬಹುದು. ಬ್ಯಾಟ್ ಹಿಡಿದು ಓಡುವ ಕ್ರಿಕೆಟ್ ಅಭ್ಯಾಸವನ್ನು ಇಲ್ಲಿಯೇ ಬಿಡಿಸಿ. ಬ್ಯಾಟ್ ಚಾಚಿ ಬೇಸ್ ಮುಟ್ಟಿದರೆ ಮುಟ್ಟಿದಂತಲ್ಲ.

ಹಂತ 2: ಔಟ್ ಮಾಡುವ ಎರಡು ದಾರಿ

ಓಡುವವನನ್ನು ಔಟ್ ಮಾಡುವ ಒಂದು ದಾರಿ ಕಬಡ್ಡಿಯದು: ಮೈ ಮುಟ್ಟಬೇಕು. ಇದು ಟ್ಯಾಗ್. ಇನ್ನೊಂದು ದಾರಿ ಕ್ರಿಕೆಟ್‌ನ ರನೌಟಿನದು: ಮೈ ಮುಟ್ಟುವುದು ಬೇಡ, ಅವನು ತಲುಪಬೇಕಾದ ಜಾಗವನ್ನು ಚೆಂಡು ಹಿಡಿದು ತಲುಪಿದರೆ ಸಾಕು. ಇದು ಫೋರ್ಸ್. ಬಲವಂತದ ಓಟ ಎಂದುಕೊಳ್ಳಿ.

ಟ್ಯಾಗ್ ಯಾವಾಗಲೂ ಸಲ್ಲುತ್ತದೆ. ಬಲವಂತದಲ್ಲಿ ಓಡುತ್ತಿರುವವನನ್ನೂ ಮೈ ಮುಟ್ಟಿ ಔಟ್ ಮಾಡಬಹುದು. ಆದರೆ ಬರೀ ಬೇಸ್ ತುಳಿಯುವುದು ಬಲವಂತ ಇದ್ದಾಗ ಮಾತ್ರ ಸಲ್ಲುತ್ತದೆ (ಒಂದೆರಡು ವಿನಾಯಿತಿ ಮುಂದೆ ಬರುತ್ತವೆ).

ಟ್ಯಾಗ್‌ನಲ್ಲಿ ಕಾಣುವ ದೊಡ್ಡ ತಪ್ಪು ಕೈಯದು. ಚೆಂಡು ಬಲಗೈಯಲ್ಲಿ, ರನ್ನರ್‌ನನ್ನು ಮುಟ್ಟಿದ್ದು ಎಡಗೈಯ ಖಾಲಿ ಗ್ಲೌಸ್‌ನಿಂದ: ಔಟ್ ಅಲ್ಲ. ಯಾವ ಕೈಯಲ್ಲಿ ಚೆಂಡಿದೆಯೋ ಆ ಕೈಯೇ ಮುಟ್ಟಬೇಕು. ಮುಟ್ಟಿದ ಹೊಡೆತಕ್ಕೆ ಚೆಂಡು ಜಾರಿ ಬಿದ್ದರೂ ಔಟ್ ಇಲ್ಲ. ಬೇಸ್ ತುಳಿಯುವಾಗ ಈ ತಕರಾರಿಲ್ಲ. ಚೆಂಡು ಯಾವ ಕೈಯಲ್ಲಾದರೂ ಭದ್ರವಾಗಿರಲಿ, ಬೇಸನ್ನು ದೇಹದ ಯಾವ ಭಾಗದಿಂದ ಮುಟ್ಟಿದರೂ ಸಾಕು.

ಹಂತ 3: ಖೋ ಬರುವುದು ಬೆನ್ನ ಹಿಂದಿನಿಂದ

ಇದು ಮುಖ್ಯ ಹಂತ. ಒಂದು ಇಡೀ ಸಂಜೆ ಇದಕ್ಕೇ ಕೊಡಿ.

ಬಲವಂತ ಎಲ್ಲಿಂದ ಹುಟ್ಟುತ್ತದೆ? ಬ್ಯಾಟರ್ ಚೆಂಡನ್ನು ಮೈದಾನದೊಳಗೆ ನೆಲಕ್ಕೆ ಹೊಡೆದ ಕ್ಷಣ ಅವನೂ ರನ್ನರ್ ಆಗುತ್ತಾನೆ, ಮೊದಲ ಬೇಸ್ ಅವನ ಹಕ್ಕಾಗುತ್ತದೆ. ಒಂದು ಬೇಸ್‌ನಲ್ಲಿ ಇಬ್ಬರು ಇರುವಂತಿಲ್ಲ. ಆದ್ದರಿಂದ ಅಲ್ಲಿ ಮೊದಲೇ ಇದ್ದವನು ಜಾಗ ಬಿಡಬೇಕು. ಅವನು ಎರಡನೇ ಬೇಸ್‌ಗೆ ಬಂದರೆ ಅಲ್ಲಿದ್ದವನು ಏಳಬೇಕು.

ಇದನ್ನು ಎಷ್ಟೋ ರೀತಿಯಲ್ಲಿ ಹೇಳಿ ಸೋತ ಮೇಲೆ ನನಗೆ ಹೊಳೆದದ್ದು ಖೋ ಖೋ. ಚೌಕದಲ್ಲಿ ಕೂತವನ ಬೆನ್ನು ಮುಟ್ಟಿ ಖೋ ಅಂದರೆ ಅವನು ಏಳಲೇಬೇಕು. ಕೊಟ್ಟವನು ಆ ಜಾಗದಲ್ಲಿ ಕೂರುತ್ತಾನೆ. "ನನಗೆ ಇಲ್ಲೇ ಚೆನ್ನಾಗಿದೆ" ಎಂದು ಯಾರೂ ಕೂತಿರುವುದಿಲ್ಲ. ಬೇಸ್‌ಬಾಲ್‌ನ ಬಲವಂತವೂ ಹಾಗೆಯೇ. ಖೋ ಕೊಡಲು ಶುರುಮಾಡುವವನು ಬ್ಯಾಟರ್. ಅವನ ಖೋ ತಲುಪುವುದು ಮೊದಲ ಬೇಸ್‌ನವನಿಗೆ, ಅವನಿಂದ ಎರಡನೆಯವನಿಗೆ, ಅವನಿಂದ ಮೂರನೆಯವನಿಗೆ. ನಡುವೆ ಒಂದು ಬೇಸ್ ಖಾಲಿ ಇದ್ದರೆ ಖೋ ಅಲ್ಲಿಯೇ ನಿಂತಿತು. ಅದರಾಚೆ ಇರುವವನಿಗೆ ಬಲವಂತವಿಲ್ಲ. ಓಡಬಹುದು, ಬಿಡಬಹುದು, ಅವನನ್ನು ಔಟ್ ಮಾಡಬೇಕಾದರೆ ಮೈ ಮುಟ್ಟಬೇಕು.

ಹಾಗಾಗಿ ಬೇಸ್ ಮೇಲೆ ನಿಂತವನು ಚೆಂಡು ಬರುವ ಮೊದಲು ನೋಡಬೇಕಾದದ್ದು ಮುಂದಿನ ಬೇಸನ್ನಲ್ಲ, ಬೆನ್ನ ಹಿಂದಿನ ಬೇಸ್‌ಗಳನ್ನು. ಹೋಮ್‌ವರೆಗೆ ಹಿಂದಿನ ಪ್ರತಿ ಬೇಸೂ ತುಂಬಿದೆಯೇ? ತುಂಬಿದ್ದರೆ ಬಲವಂತ. ಒಂದಾದರೂ ಖಾಲಿ ಇದ್ದರೆ ಇಲ್ಲ. ನನ್ನ ಲೆಕ್ಕದಲ್ಲಿ ಈ ಆಟದ ಅರ್ಧ ಗೊಂದಲ ಎಲ್ಲರೂ ಮುಂದೆ ನೋಡುವುದರಿಂದಲೇ ಹುಟ್ಟುತ್ತದೆ.

ಈಗ ಹಾಳೆಯ ಮೇಲೆ ಜನರನ್ನು ನಿಲ್ಲಿಸಿ ನೋಡಿ. ಮೊದಲ ಬೇಸ್‌ನಲ್ಲಿ ಒಬ್ಬನೇ: ಅವನಿಗೆ ಬಲವಂತ. ಎರಡನೆಯದರಲ್ಲಿ ಒಬ್ಬನೇ: ಇಲ್ಲ. ಮೂರನೆಯದರಲ್ಲಿ ಒಬ್ಬನೇ: ಇಲ್ಲ. ಒಂದು ಮತ್ತು ಎರಡು ತುಂಬಿದ್ದರೆ ಇಬ್ಬರಿಗೂ ಬಲವಂತ. ಎರಡು ಮತ್ತು ಮೂರು ತುಂಬಿದ್ದರೆ ಇಬ್ಬರಿಗೂ ಇಲ್ಲ, ಏಕೆಂದರೆ ಮೊದಲ ಬೇಸ್ ಖಾಲಿ. ಮೂರೂ ತುಂಬಿದ್ದರೆ ಮೂವರಿಗೂ, ಹೋಮ್ ಪ್ಲೇಟ್‌ನಲ್ಲಿ ಕೂಡ: ಕ್ಯಾಚರ್ (ಬ್ಯಾಟರ್ ಹಿಂದೆ ಇರುವ, ವಿಕೆಟ್ ಕೀಪರ್‌ನಂಥವನು) ಚೆಂಡು ಹಿಡಿದು ಪ್ಲೇಟ್ ತುಳಿದರೆ ಮೂರನೇ ಬೇಸ್‌ನಿಂದ ಬಂದವನು ಔಟ್.

ಎಲ್ಲರೂ ತಪ್ಪುವುದು ಒಂದು ಮತ್ತು ಮೂರು ತುಂಬಿದಾಗ. ಮೊದಲನೆಯವನಿಗೆ ಬಲವಂತ ಇದೆ, ಮೂರನೆಯವನಿಗೆ ಇಲ್ಲ. ನಡುವಿನ ಎರಡನೇ ಬೇಸ್ ಖಾಲಿ. ಆದರೂ ಮೂರನೆಯವನು "ಓಡು" ಎಂಬ ಕೂಗು ಕೇಳಿ ಹೋಮ್‌ಗೆ ನುಗ್ಗುತ್ತಾನೆ. ಅಲ್ಲಿ ಕ್ಯಾಚರ್ ಪ್ಲೇಟ್ ತುಳಿದು ಔಟ್ ಎಂದು ಕುಣಿಯುತ್ತಾನೆ. ಇಬ್ಬರದೂ ತಪ್ಪು. ಒಬ್ಬ ಓಡಬೇಕಾಗಿರಲಿಲ್ಲ, ಇನ್ನೊಬ್ಬ ಮೈ ಮುಟ್ಟಬೇಕಾಗಿತ್ತು.

ಬ್ಯಾಟರ್ ಮೊದಲ ಬೇಸ್‌ಗೆ ಓಡುವುದನ್ನು ನಿಯಮದ ಭಾಷೆಯಲ್ಲಿ ಫೋರ್ಸ್ ಎನ್ನುವುದಿಲ್ಲ. ಆದರೆ ಅವನಿಗೆ ಹಿಂದಿರುಗುವ ಜಾಗವೇ ಇಲ್ಲದ್ದರಿಂದ ಚೆಂಡು ಹಿಡಿದು ಮೊದಲ ಬೇಸ್ ತುಳಿದರೂ ಸಾಕು. ಕಲಿಯುವವರು ಎರಡನ್ನೂ ಒಂದೇ ಎಂದುಕೊಂಡರೆ ನಷ್ಟವಿಲ್ಲ.

ಕೂಗುವುದರ ಬಗ್ಗೆ ಒಂದು ಮಾತು. ನಮ್ಮ ತಂಡದಲ್ಲಿ ಕನ್ನಡದವರೂ ಕೊಂಕಣಿಯವರೂ ಇದ್ದಾರೆ. ಓಡು ಎನ್ನಲು ಕೊಂಕಣಿಯಲ್ಲಿ "ಧಾಂವ್", ನಿಲ್ಲು ಎನ್ನಲು "ರಾವ್". ಕಡಲ ಗಾಳಿಯಲ್ಲಿ 27 ಮೀಟರ್ ಆಚೆಗೆ ಕೇಳಿಸುವುದು ಎರಡರ ಬಾಲ ಮಾತ್ರ. ನಿಲ್ಲಬೇಕಾದವನು ಓಡಿ, ಓಡಬೇಕಾದವನು ನಿಂತು ಒಂದೇ ಸಂಜೆ ಮೂರು ಔಟ್ ಆದ ಮೇಲೆ ಬಾಯಿ ಮುಚ್ಚಿ ಕೈಸನ್ನೆಗೆ ಬಂದೆವು. ಕೈ ತಿರುಗಿಸಿದರೆ ಓಡು, ಎರಡೂ ಅಂಗೈ ಎದುರಿಗೆ ಹಿಡಿದರೆ ನಿಲ್ಲು.

ಹಂತ 4: ಬಲವಂತ ಕಳಚುವ ಕ್ಷಣ

ಬಲವಂತ ಹುಟ್ಟುವುದನ್ನು ಕಲಿತವರು ಅದು ಕಳಚುವುದನ್ನು ಮರೆಯುತ್ತಾರೆ. ಹಿಂದಿನಿಂದ ತಳ್ಳುತ್ತಿದ್ದವನು ಔಟಾದರೆ ಮುಂದಿನವನಿಗೆ ತಳ್ಳುವಿಕೆಯೇ ಇಲ್ಲ. ಖೋ ಕೊಡಬೇಕಾದವನೇ ಆಟದಿಂದ ಹೊರಬಿದ್ದ. ಅಂದಮೇಲೆ ಮುಂದಿನವನು ತನ್ನ ಹಳೆಯ ಬೇಸ್‌ಗೆ ಮರಳಬಹುದು, ಅವನನ್ನು ಔಟ್ ಮಾಡಲು ಮೈ ಮುಟ್ಟಬೇಕು.

ಇದನ್ನು ಒಂದೇ ಉದಾಹರಣೆಯನ್ನು ಎರಡು ಕ್ರಮದಲ್ಲಿ ಆಡಿ ನೋಡಿ. ಮೊದಲ ಬೇಸ್‌ನಲ್ಲಿ ಒಬ್ಬ, ನೆಲದ ಚೆಂಡು.

ಮೊದಲನೆಯ ಕ್ರಮ: ಶಾರ್ಟ್‌ಸ್ಟಾಪ್ (ಎರಡು ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಚೆಂಡು ಎತ್ತಿ ಎರಡನೇ ಬೇಸ್‌ಗೆ ಕೊಡುತ್ತಾನೆ. ಬೇಸ್ ತುಳಿದರು, ಒಂದು ಔಟ್. ಅಲ್ಲಿಂದ ಮೊದಲ ಬೇಸ್‌ಗೆ ಎಸೆತ. ಅಲ್ಲೂ ತುಳಿದರು, ಬ್ಯಾಟರ್ ಔಟ್. ಯಾರನ್ನೂ ಮುಟ್ಟಲಿಲ್ಲ, ಎರಡು ಔಟ್ ಸಿಕ್ಕಿತು.

ಎರಡನೆಯ ಕ್ರಮ: ಚೆಂಡು ಮೊದಲ ಬೇಸ್‌ನ ಫೀಲ್ಡರ್ ಕಡೆಗೇ ಬಂತು. ಅವನು ಹತ್ತಿರದ ಬೇಸ್ ತುಳಿದು ಬ್ಯಾಟರ್‌ನನ್ನು ಔಟ್ ಮಾಡಿ, ಆಮೇಲೆ ಎರಡನೆಯದಕ್ಕೆ ಎಸೆದ. ಅಲ್ಲಿದ್ದವನು ಬೇಸ್ ತುಳಿದು ಕೈ ಎತ್ತಿದ. ಇದು ಔಟ್ ಅಲ್ಲ! ಬ್ಯಾಟರ್ ಔಟಾದ ಗಳಿಗೆಯಲ್ಲಿಯೇ ಬಲವಂತ ಕಳಚಿತ್ತು. ಅವನು ತುಳಿಯುವುದನ್ನು ಬಿಟ್ಟು ಓಡಿ ಬರುವವನ ಮೈ ಮುಟ್ಟಬೇಕಿತ್ತು.

ಇಲ್ಲಿ ಫೀಲ್ಡರ್‌ಗಳಿಗೆ ಕೆಲಸಕ್ಕೆ ಬರುವ ಅಭ್ಯಾಸ ಒಂದಿದೆ: ಹಿಂದಿನವನನ್ನು ಔಟ್ ಮಾಡಿ ಮುಂದಕ್ಕೆ ಎಸೆಯುವವನು ಎಸೆಯುತ್ತಲೇ "ಮುಟ್ಟು" ಎಂದು ಕೂಗಬೇಕು. ಚೆಂಡಿಗೆ ಕಾದು ನಿಂತವನಿಗೆ ಹಿಂದೆ ಏನಾಯಿತೆಂದು ನೋಡಲು ಪುರುಸೊತ್ತಿರುವುದಿಲ್ಲ.

ಇನ್ನೊಂದು: ಬಲವಂತದಲ್ಲಿ ಓಡಿದವನು ಮುಂದಿನ ಬೇಸ್ ಮುಟ್ಟಿದರೆ ಅವನ ಬಲವಂತ ತೀರಿತು. ಜಾರಿಕೊಂಡು ಬಂದ ರಭಸಕ್ಕೆ ಎರಡನೇ ಬೇಸ್ ದಾಟಿ ಮೂರನೆಯದರ ಕಡೆಗೆ ಹೋಗಿಬಿಟ್ಟರೆ ಬೇಸ್ ತುಳಿದು ಪ್ರಯೋಜನವಿಲ್ಲ, ಮೈ ಮುಟ್ಟಬೇಕು. ಆದರೆ ಗಲಿಬಿಲಿಯಾಗಿ ಮೊದಲ ಬೇಸ್ ಕಡೆಗೇ ವಾಪಸ್ ಓಡಿದರೆ ಬಲವಂತ ಮತ್ತೆ ಬಂದು ಅಂಟಿಕೊಳ್ಳುತ್ತದೆ.

ಹಂತ 5: ಚೆಂಡು ಗಾಳಿಯಲ್ಲಿದ್ದಾಗ

ಕ್ಯಾಚ್ ಆದರೆ ಬ್ಯಾಟರ್ ಔಟ್. ಬ್ಯಾಟರ್ ಔಟ್ ಎಂದರೆ ಯಾರಿಗೂ ಬಲವಂತವಿಲ್ಲ. ಅದನ್ನು ಈಗಷ್ಟೇ ಕಲಿತಿರಿ. ಬದಲಿಗೆ ಇನ್ನೊಂದು ಕಟ್ಟು ಬೀಳುತ್ತದೆ: ಕ್ಯಾಚ್‌ಗೆ ಮೊದಲೇ ಬೇಸ್ ಬಿಟ್ಟಿದ್ದವರು ಹಿಂದಿರುಗಿ ತಮ್ಮ ಬೇಸ್ ಮುಟ್ಟಬೇಕು. ಅವರು ಮುಟ್ಟುವ ಮೊದಲು ಚೆಂಡು ಹಿಡಿದವರು ಆ ಬೇಸ್ ತುಳಿದರೆ ಔಟ್.

ಬೇಸ್ ಮೇಲೆ ಕಾಲಿಟ್ಟು ಕಾದು, ಕ್ಯಾಚ್ ಆದ ಮೇಲೆ ಮುಂದಕ್ಕೆ ಓಡುವುದಕ್ಕೆ ಟ್ಯಾಗ್ ಅಪ್ ಎನ್ನುತ್ತಾರೆ. ಹೆಸರಿನಲ್ಲಿ ಟ್ಯಾಗ್ ಇದ್ದರೂ ಮೈ ಮುಟ್ಟುವ ಟ್ಯಾಗ್‌ಗೂ ಇದಕ್ಕೂ ಸಂಬಂಧವಿಲ್ಲ. ಯಾವಾಗ ಬಿಡಬಹುದು? ಫೀಲ್ಡರ್ ಚೆಂಡನ್ನು ಮೊದಲ ಸಲ ಮುಟ್ಟಿದ ಕ್ಷಣ. ಹಿಡಿತಕ್ಕೆ ಬರುವವರೆಗೆ ಕಾಯಬೇಕಿಲ್ಲ. ಚೆಂಡು ಗ್ಲೌಸ್‌ನಲ್ಲಿ ಎರಡು ಸಲ ಕುಣಿದು ಆಮೇಲೆ ಕೈಗೆ ಸಿಕ್ಕರೂ ಲೆಕ್ಕಕ್ಕೆ ಬರುವುದು ಮೊದಲ ಸ್ಪರ್ಶ. ಫೌಲ್ ಗೆರೆಯ ಆಚೆ, ಅಂದರೆ ಹೋಮ್‌ನಿಂದ ಮೊದಲ ಮತ್ತು ಮೂರನೇ ಬೇಸ್ ಮೂಲಕ ಹೋಗುವ ಗೆರೆಗಳ ಹೊರಗೆ, ಹಿಡಿದ ಕ್ಯಾಚ್‌ಗೂ ಇದೇ ನಿಯಮ. ಕ್ರಿಕೆಟ್‌ನಲ್ಲಿ ಕ್ಯಾಚ್ ಆದರೆ ಆ ಎಸೆತದ ರನ್ ಸತ್ತಿತು. ಇಲ್ಲಿ ಓಟ ಆಗ ಶುರುವಾಗುತ್ತದೆ.

ಎತ್ತರದ ಚೆಂಡಿಗೆ ಹೊಸಬರು ಮಾಡುವುದು ಎರಡರಲ್ಲಿ ಒಂದು: ಕಣ್ಣು ಮುಚ್ಚಿ ಓಡುವುದು, ಇಲ್ಲವೇ ಬೇಸ್‌ಗೆ ಅಂಟಿಕೊಳ್ಳುವುದು. ಚೆಂಡು ದೂರ ಹೋಗಿದ್ದರೆ ಮೂರನೇ ಬೇಸ್‌ನವನು ಬೇಸ್ ಮೇಲೆಯೇ ಕಾಯಲಿ. ಕ್ಯಾಚಾದರೂ ಹೋಮ್ ಸಿಗುತ್ತದೆ, ಬಿದ್ದರೂ ಸಿಗುತ್ತದೆ. ಮೊದಲ ಬೇಸ್‌ನವನು ಅರ್ಧ ದಾರಿಗೆ ಹೋಗಿ ನೋಡಲಿ. ಕ್ಯಾಚಾದರೆ ಹಿಂದಕ್ಕೆ, ಬಿದ್ದರೆ ಮುಂದಕ್ಕೆ. ಬಿದ್ದ ಕ್ಷಣ ಅವನಿಗೆ ಬಲವಂತ ಬಂದಿತೆಂಬುದನ್ನು ನೆನಪಿಡಲಿ.

ಹಂತ 6: ಮೂರನೇ ಔಟ್ ಮತ್ತು ರನ್ನಿನ ಲೆಕ್ಕ

ಅಂಪೈರ್ ಆಗಿ ನಾನೇ ಇಲ್ಲಿ ಒಮ್ಮೆ ಎಡವಿ, ಕೊಡಬಾರದ ರನ್ ಕೊಟ್ಟು, ಸೋತ ತಂಡದವರ ಮುಖ ನೋಡಲಾಗದೆ ಮನೆಗೆ ಬಂದಿದ್ದೇನೆ. ಆದ್ದರಿಂದ ನಿಧಾನವಾಗಿ ಓದಿ.

ಮೂರು ಔಟಾದರೆ ಬ್ಯಾಟ್ ಮಾಡುವ ತಂಡದ ಸರದಿ ಮುಗಿಯಿತು. ಈಗ ಎರಡು ಔಟ್ ಆಗಿವೆ. ಒಂದು ಮತ್ತು ಮೂರು ತುಂಬಿವೆ. ನೆಲದ ಚೆಂಡು. ಮೂರನೇ ಬೇಸ್‌ನವನು ಓಡಿಹೋಗಿ ಹೋಮ್ ಮುಟ್ಟಿದ. ಅದಾದ ಮೇಲೆ ಎರಡನೇ ಬೇಸ್‌ನಲ್ಲಿ ಬಲವಂತದ ಔಟ್ ಆಯಿತು. ಹೋಮ್ ಮೊದಲು ಮುಟ್ಟಿದ್ದನಲ್ಲ, ರನ್ ಕೊಡಬೇಕೇ? ಕೊಡುವಂತಿಲ್ಲ. ಮೂರನೇ ಔಟ್ ಬಲವಂತದಿಂದ ಬಂದರೆ, ಅಥವಾ ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮೊದಲೇ ಔಟಾದರೆ, ಆ ಓಟದಲ್ಲಿ ಯಾರು ಎಷ್ಟೇ ಬೇಗ ಹೋಮ್ ಮುಟ್ಟಿದ್ದರೂ ರನ್ ಇಲ್ಲ.

ಮೂರನೇ ಔಟ್ ಬೇರೆ ಬಗೆಯದಾಗಿದ್ದರೆ, ಉದಾಹರಣೆಗೆ ಬಲವಂತವಿಲ್ಲದವನನ್ನು ಮೈ ಮುಟ್ಟಿ ಮಾಡಿದ್ದಾದರೆ, ಆಗ ಗಡಿಯಾರದ ಲೆಕ್ಕ. ಹೋಮ್ ಮುಟ್ಟಿದ್ದು ಮೊದಲಾದರೆ ರನ್ ಉಂಟು, ಔಟ್ ಮೊದಲಾದರೆ ಇಲ್ಲ. ಅಂಪೈರ್ ಒಂದು ಕಣ್ಣನ್ನು ಪ್ಲೇಟ್ ಮೇಲೆ ಇಡಬೇಕಾದದ್ದು ಇಂಥ ವೇಳೆ.

ಈಗ ಹಂತ 4ರ ಎರಡನೆಯ ಕ್ರಮಕ್ಕೆ ಮರಳಿ. ಒಂದು ಔಟ್ ಆಗಿದೆ, ಒಂದು ಮತ್ತು ಮೂರು ತುಂಬಿವೆ. ಮೊದಲ ಬೇಸ್‌ನ ಫೀಲ್ಡರ್ ಬೇಸ್ ತುಳಿದ, ಎರಡು ಔಟ್. ಎರಡನೆಯದಕ್ಕೆ ಎಸೆದ, ಅಲ್ಲಿ ಮೈ ಮುಟ್ಟಿ ಮೂರನೇ ಔಟ್. ಅಷ್ಟರಲ್ಲಿ ಮೂರನೇ ಬೇಸ್‌ನವನು ಹೋಮ್ ಮುಟ್ಟಿದ್ದರೆ ರನ್ ಸಲ್ಲುತ್ತದೆ, ಏಕೆಂದರೆ ಎರಡನೇ ಬೇಸ್‌ನಲ್ಲಿ ಆಗಿದ್ದು ಬಲವಂತದ ಔಟ್ ಅಲ್ಲ. ಅದೇ ಫೀಲ್ಡರ್ ಮೊದಲು ಎರಡನೆಯದಕ್ಕೆ ಎಸೆದು, ಚೆಂಡು ಮೊದಲ ಬೇಸ್‌ಗೆ ಮರಳಿ ಬಂದು ಬ್ಯಾಟರ್ ಔಟಾಗಿದ್ದರೆ ರನ್ ಇರುತ್ತಿರಲಿಲ್ಲ. ಅವೇ ಇಬ್ಬರು ಔಟ್. ಕ್ರಮ ಬದಲಾದದ್ದಕ್ಕೆ ಒಂದು ರನ್ ವ್ಯತ್ಯಾಸ.

ಕ್ಯಾಚ್‌ಗೆ ಮೊದಲೇ ಬೇಸ್ ಬಿಟ್ಟು, ಮರಳುವಷ್ಟರಲ್ಲಿ ಔಟಾದದ್ದು ಫೋರ್ಸ್ ಹಾಗೆ ಕಾಣುತ್ತದೆ, ಏಕೆಂದರೆ ಅಲ್ಲೂ ಬೇಸ್ ತುಳಿಯುವುದೇ. ಆದರೆ ಅದು ಫೋರ್ಸ್ ಅಲ್ಲ. ಆ ಔಟ್ ಮೂರನೆಯದಾದರೂ ಅದಕ್ಕೆ ಮೊದಲು ಸರಿಯಾಗಿ ಟ್ಯಾಗ್ ಅಪ್ ಮಾಡಿ ಹೋಮ್ ಮುಟ್ಟಿದವನ ರನ್ ನಿಲ್ಲುತ್ತದೆ. ಬಹಳ ವರ್ಷ ಆಡಿದವರೂ ಇದನ್ನು ಒಪ್ಪದೆ ಜಗಳಕ್ಕೆ ಬರುತ್ತಾರೆ.

ಗೆಲುವಿನ ರನ್ ಬಂತೆಂದು ಬೇಸ್ ಮುಟ್ಟದೆ ಕುಣಿಯುವವರಿಗೆ ನಾನು ಹೇಳುವುದು ಫ್ರೆಡ್ ಮರ್ಕಲ್ ಕಥೆ. 1908ರ ಸೆಪ್ಟೆಂಬರ್ 23, ನ್ಯೂಯಾರ್ಕ್. ಜೈಂಟ್ಸ್ ಮತ್ತು ಶಿಕಾಗೊ ಕಬ್ಸ್ ತಂಡಗಳದು ತಲಾ ಒಂದು ರನ್, ಕೊನೆಯ ಇನಿಂಗ್ಸ್, ಎರಡು ಔಟ್, ಒಂದು ಮತ್ತು ಮೂರು ತುಂಬಿದ್ದವು. ಬ್ಯಾಟರ್ ಒಳ್ಳೆಯ ಹೊಡೆತ ಹೊಡೆದ, ಮೂರನೇ ಬೇಸ್‌ನವನು ಹೋಮ್‌ಗೆ ಬಂದ, ಜನ ಮೈದಾನಕ್ಕೆ ನುಗ್ಗಿದರು. ಮೊದಲ ಬೇಸ್‌ನಲ್ಲಿದ್ದ ಜೈಂಟ್ಸ್‌ನ 19 ವರ್ಷದ ಮರ್ಕಲ್ ಎರಡನೆಯದನ್ನು ಮುಟ್ಟದೆ ನಡುವಿನಲ್ಲೇ ತಿರುಗಿ ಹೋದ. ಕಬ್ಸ್‌ನ ಜಾನಿ ಎವರ್ಸ್ ಚೆಂಡು ತರಿಸಿಕೊಂಡು ಎರಡನೇ ಬೇಸ್ ತುಳಿದ. ಬಲವಂತದ ಮೂರನೇ ಔಟ್, ರನ್ ರದ್ದು. ಪಂದ್ಯ ಸಮವೆಂದಾಯಿತು, ಅಕ್ಟೋಬರ್ 8ರಂದು ಮತ್ತೆ ಆಡಿದಾಗ ಕಬ್ಸ್ ಗೆದ್ದಿತು.

ಹಂತ 7: ಇನ್‌ಫೀಲ್ಡ್ ಫ್ಲೈ

ಒಂದು ಮತ್ತು ಎರಡು ತುಂಬಿವೆ, ಅಥವಾ ಮೂರೂ. ಔಟ್ ಎರಡಕ್ಕಿಂತ ಕಡಿಮೆ. ಬ್ಯಾಟರ್ ಚೆಂಡನ್ನು ಚೌಕದ ಮೇಲೆಯೇ ಎತ್ತರಕ್ಕೆ ಹೊಡೆದ. ಈಗ ಜಾಣ ಫೀಲ್ಡರ್ ಏನು ಮಾಡಬಹುದು? ಬೇಕೆಂದೇ ಕೈಬಿಡಬಹುದು. ಕ್ಯಾಚ್ ಆಗುತ್ತದೆಂದು ಬೇಸ್‌ಗೆ ಅಂಟಿಕೊಂಡವರಿಗೆ ದಿಢೀರನೆ ಬಲವಂತ ಬಂದು, ಸುಲಭವಾಗಿ ಎರಡು ಔಟ್.

ಈ ಕಳ್ಳತನ ತಡೆಯಲು ಅಂಪೈರ್ ಚೆಂಡು ಗಾಳಿಯಲ್ಲಿರುವಾಗಲೇ ಕೈ ಮೇಲೆತ್ತಿ ಇನ್‌ಫೀಲ್ಡ್ ಫ್ಲೈ ಎಂದು ಸಾರುತ್ತಾರೆ. ಚೆಂಡು ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ಚೆಂಡು ಫೌಲ್ ಆಗಬಾರದು ಅಷ್ಟೇ. ಬ್ಯಾಟರ್ ಔಟ್ ಆದ್ದರಿಂದ ಬಲವಂತ ಯಾರಿಗೂ ಇಲ್ಲ. ರನ್ನರ್‌ಗಳು ಸುಮ್ಮನೆ ಬೇಸ್ ಮೇಲೆ ನಿಂತರೆ ಸಾಕು. ಓಡಿದರೆ ತಮ್ಮ ಹೊಣೆ. ಒಳಗಿನ ಫೀಲ್ಡರ್ ಸಾಮಾನ್ಯ ಪ್ರಯತ್ನದಲ್ಲಿ ಹಿಡಿಯಬಹುದಾದ ಚೆಂಡಿಗೆ ಮಾತ್ರ ಇದು ಅನ್ವಯ. ನೇರ ಬಿರುಸಿನ ಹೊಡೆತಕ್ಕೂ ಬಂಟ್‌ಗೂ (ಬ್ಯಾಟ್ ಬೀಸದೆ ಚೆಂಡಿಗೆ ಮೆಲ್ಲಗೆ ತಾಗಿಸುವುದು) ಇಲ್ಲ.

ಹುಡುಗರು ತಪ್ಪುವುದು ಚೆಂಡು ನೆಲಕ್ಕೆ ಬಿದ್ದಾಗ. ಬಿದ್ದ ಸದ್ದಿಗೆ ಕಾಲು ತಾನಾಗಿ ಓಡುತ್ತದೆ.

ಹಂತ 8: ಓಡುವಾಗಿನ ಚಿಲ್ಲರೆ ನಿಯಮಗಳು

ಮೊದಲ ಬೇಸ್ ಮುಟ್ಟಿ ಅದೇ ರಭಸದಲ್ಲಿ ದಾಟಿ ಹೋಗಬಹುದು, ಕೂಡಲೇ ಮರಳಿದರೆ ಯಾರೂ ಔಟ್ ಮಾಡುವಂತಿಲ್ಲ. ಎಡಕ್ಕೆ ತಿರುಗಿದರೆ ಔಟ್ ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ, ಅದು ಸುಳ್ಳು. ಎರಡನೆಯದಕ್ಕೆ ಹೋಗಲು ಯತ್ನಿಸಿದರೆ ಮಾತ್ರ ರಕ್ಷಣೆ ಹೋಗುತ್ತದೆ. ಎರಡು ಮತ್ತು ಮೂರನೇ ಬೇಸ್‌ಗೆ ಈ ಸವಲತ್ತಿಲ್ಲ. ಅಲ್ಲಿ ದಾಟಿದರೆ ಮುಟ್ಟಿ ಔಟ್ ಮಾಡುತ್ತಾರೆ.

ಮುಟ್ಟುವುದನ್ನು ತಪ್ಪಿಸಿಕೊಳ್ಳಲು ಅಕ್ಕಪಕ್ಕಕ್ಕೆ ಮೂರು ಅಡಿಗಿಂತ ಹೆಚ್ಚು ಸರಿದರೆ ಔಟ್. ಆ ಮೂರು ಅಡಿ ಅಳೆಯುವುದು ಬೇಸ್‌ನಿಂದ ಬೇಸ್‌ಗೆ ಎಳೆದ ಗೆರೆಯಿಂದಲ್ಲ. ಫೀಲ್ಡರ್ ಮುಟ್ಟಲು ಬಂದ ಕ್ಷಣ ರನ್ನರ್ ಎಲ್ಲಿದ್ದನೋ ಅಲ್ಲಿಂದ ಅವನು ತಲುಪಲು ಹೊರಟ ಬೇಸ್‌ವರೆಗಿನ ನೇರ ಗೆರೆಯಿಂದ.

ಮುಂದೆ ಓಡುತ್ತಿರುವ ತನ್ನವನನ್ನು ಹಿಂದಿಕ್ಕಿದವನು ಔಟ್. ಬಲವಂತವಿಲ್ಲದಾಗ ಒಂದೇ ಬೇಸ್ ಮೇಲೆ ಇಬ್ಬರು ಸಿಕ್ಕಿಕೊಂಡರೆ ಬೇಸ್ ಮುಂದಿನವನದು, ಹಿಂದಿನಿಂದ ಬಂದವನನ್ನು ಮುಟ್ಟಿದರೆ ಅವನು ಔಟ್. ಬಲವಂತ ಇದ್ದರೆ ತಿರುವುಮುರುವು: ಬೇಸ್ ಹಿಂದಿನಿಂದ ಬಂದವನದು. ಗೊಂದಲವಾದರೆ ಫೀಲ್ಡರ್ ಇಬ್ಬರನ್ನೂ ಮುಟ್ಟಲಿ, ಯಾರು ಔಟ್ ಎಂದು ಅಂಪೈರ್ ಹೇಳುತ್ತಾರೆ.

ಚೆಂಡು ಎತ್ತಲು ನಿಂತ ಫೀಲ್ಡರ್‌ಗೆ ಅಡ್ಡಬಂದ ರನ್ನರ್ ಔಟ್. ಫೀಲ್ಡರ್‌ನನ್ನು ದಾಟುವ ಮೊದಲೇ ಬ್ಯಾಟಿನಿಂದ ಬಂದ ಚೆಂಡು ರನ್ನರ್‌ಗೆ ತಗುಲಿದರೂ ಔಟ್. ಬೇಸ್ ಮೇಲೆ ನಿಂತಿದ್ದೇನೆ ಎಂಬ ನೆಪ ನಡೆಯುವುದಿಲ್ಲ. ಇನ್‌ಫೀಲ್ಡ್ ಫ್ಲೈ ಸಾರಿದಾಗ ಮಾತ್ರ ಬೇಸ್ ಕಾಪಾಡುತ್ತದೆ.

ಎಡವುತ್ತಿರುವ ಸೂಚನೆಗಳು

ರನ್ನರ್ ಚೆಂಡು ಬರುವ ಮೊದಲು ಒಮ್ಮೆಯೂ ಹಿಂದೆ ತಿರುಗಿ ನೋಡದಿದ್ದರೆ ಅವನಿಗೆ ಹಂತ 3 ತಲೆಗೆ ಹೋಗಿಲ್ಲ. ಎಷ್ಟು ಔಟ್ ಎಂದು ಕೇಳಿದರೆ ಸ್ಕೋರ್ ಬರೆಯುವವನ ಕಡೆ ನೋಡುತ್ತಾನೆಂದರೆ ಅವನನ್ನು ಬೇಸ್ ಮೇಲೆ ಬಿಡಬೇಡಿ. ಫೀಲ್ಡರ್ ಪ್ರತಿ ಸಲವೂ ಬೇಸ್ ತುಳಿದೇ ಕೈ ಎತ್ತುತ್ತಿದ್ದರೆ ಅವನು ಇನ್ನೂ ಕ್ರಿಕೆಟ್ ಆಡುತ್ತಿದ್ದಾನೆ. ಪ್ರತಿ ಸಲವೂ ರನ್ನರ್‌ನನ್ನು ಬೆನ್ನಟ್ಟುತ್ತಿದ್ದರೆ ಕಬಡ್ಡಿ ಆಡುತ್ತಿದ್ದಾನೆ. ನಮ್ಮಲ್ಲಿ ಈಗ ಪ್ರತಿ ಎಸೆತಕ್ಕೂ ಮೊದಲು ಬೇಸ್ ಮೇಲಿರುವವರು ಬೆರಳಲ್ಲಿ ಔಟ್ ಎಷ್ಟೆಂದು ತೋರಿಸಬೇಕು, ಬಲವಂತ ಇದ್ದರೆ ಇನ್ನೊಂದು ಕೈಯಿಂದ ತಮ್ಮ ಬೆನ್ನು ತಟ್ಟಿಕೊಳ್ಳಬೇಕು. ನೋಡುವವರಿಗೆ ನಗು ಬರುತ್ತದೆ, ಬರಲಿ.

ಮಳೆಗಾಲದ ಅಭ್ಯಾಸ

ಜೂನ್ ಬಂದರೆ ಕಡಲತೀರ ನಮ್ಮದಲ್ಲ. ಆಗ ಒಂದು ಸ್ಲೇಟಿನ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ನಾಲ್ಕು ಅಡಿಕೆಗಳನ್ನು ರನ್ನರ್ ಮಾಡಿ, ಒಂದು ಗೇರುಬೀಜವನ್ನು ಚೆಂಡು ಮಾಡಿ ಆಡಿ. ಒಬ್ಬರು ಅಡಿಕೆ ಇಟ್ಟು "ಒಂದು ಔಟ್, ನೆಲದ ಚೆಂಡು, ಶಾರ್ಟ್‌ಸ್ಟಾಪ್‌ಗೆ" ಎನ್ನಲಿ. ಇನ್ನೊಬ್ಬರು ಗೇರುಬೀಜವನ್ನು ಎಲ್ಲಿಗೆ ಒಯ್ಯಬೇಕು, ಅಲ್ಲಿ ತುಳಿಯಬೇಕೋ ಮುಟ್ಟಬೇಕೋ ಹೇಳಲಿ. ಔಟಾದ ಅಡಿಕೆಯನ್ನು ಸ್ಲೇಟಿನಿಂದ ಎತ್ತಿದ ಕೂಡಲೇ "ಈಗ ಬಲವಂತ ಯಾರಿಗಿದೆ?" ಎಂದು ಕೇಳಿ. ಒಂದು ಮತ್ತು ಮೂರರಲ್ಲಿ ಅಡಿಕೆ ಇಟ್ಟು ಹತ್ತು ಸಲ ಕೇಳಿ. ಹತ್ತೂ ಸಲ ಸರಿ ಬಂದ ಮೇಲೆ ಮೂರೂ ಬೇಸ್ ತುಂಬಿಸಿ. ಮನೆಯಲ್ಲಿ ಎಲೆಯಡಿಕೆ ಹಾಕುವ ಅಜ್ಜ ಇದ್ದರೆ ಆಟದ ಅಡಿಕೆಗಳನ್ನು ಬೇರೆ ಡಬ್ಬಿಯಲ್ಲಿಡಿ. ನಮ್ಮ ಮೂರನೇ ಬೇಸ್‌ನ ರನ್ನರ್ ಎರಡು ಸಲ ಅಡಕತ್ತರಿಗೆ ಸಿಕ್ಕಿದ್ದಾನೆ.